ಎಡಕ್ಕೆ ಎಳೆಯುವ ಹ್ಯಾಂಡಲ್

ಅವರ ಎಡ ಅಂಗೈಯ ನಡುವೆ ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗೆ, ಉಳಿದ ಚರ್ಮಕ್ಕಿಂತ ಬೆಳ್ಳಗೆ ಇತ್ತು. ಹುಡುಗನಾಗಿದ್ದಾಗಿನಿಂದ ದಿನಾ ಬೆಳಿಗ್ಗೆ ಅಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡಿದ ಗುರುತು ಅದು. ಅದರ ಮೇಲೆ, ಬೆರಳುಗಳ ಬುಡದಲ್ಲಿ, ಸಾಲಾಗಿ ಜಡ್ಡುಗಟ್ಟಿದ ಗಂಟುಗಳು. ಅವು ಸೈಕಲ್ ಹ್ಯಾಂಡಲ್ ಹಿಡಿದೂ ಹಿಡಿದೂ ಬಂದವು. ನನ್ನ ಮಗಳು ಚಿಕ್ಕವಳಿದ್ದಾಗ ಅವರ ಕೈ ಎಳೆದುಕೊಂಡು, "ಇದು ದೇವ್ರು ಮಾಡಿದ್ದು, ಇದು ಸೈಕಲ್ ಮಾಡಿದ್ದು" ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಅವರು ನಗುತ್ತಾ, "ಎರಡೂ ಒಂದೇ ಕಣವ್ವ, ಎರಡೂ ನನ್ನ ಹೊಟ್ಟೆಗೆ ಹಾಕ್ತವೆ" ಅನ್ನುತ್ತಿದ್ದರು.

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಅರಸೀಕೆರೆಯಲ್ಲಿ ನಮ್ಮವರ ಮನೆಗಳಿಗೆಲ್ಲ ಅವರು ಅಯ್ನೋರು. ಕೂಸು ಹುಟ್ಟಿದರೆ ಲಿಂಗ ಕಟ್ಟುವುದಕ್ಕೆ, ಹೊಸ ಮನೆಯಾದರೆ ಮೊದಲ ಹೆಜ್ಜೆ ಇಡುವುದಕ್ಕೆ, ಯಾರಾದರೂ ತೀರಿಕೊಂಡರೆ ಕೊನೆಯ ವಿಭೂತಿ ಹಚ್ಚುವುದಕ್ಕೆ ಅವರೇ ಬರಬೇಕು. ಬರುತ್ತಿದ್ದದ್ದು ಸೈಕಲ್ಲಿನಲ್ಲಿ. ಕಪ್ಪು ಬಣ್ಣದ ಎತ್ತರದ ಸೈಕಲ್ಲು, ಬ್ರೇಕಿಗೆ ವೈರಿನ ಬದಲು ಕಬ್ಬಿಣದ ಕಡ್ಡಿಗಳು. ಬಿಳಿ ಪಂಚೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಕಾವಿ ಶಲ್ಯವನ್ನು ಸೊಂಟಕ್ಕೆ ಬಿಗಿದು, ಜೋಳಿಗೆಯನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬಾಣಾವರದ ತನಕ, ಒಮ್ಮೊಮ್ಮೆ ಹಳೇಬೀಡಿನ ಕಡೆಗೂ ತುಳಿದುಕೊಂಡು ಹೋಗಿಬಿಡುತ್ತಿದ್ದರು. ಮನೆ ಮುಂದೆ ಬಂದು ನಿಂತರೆ ಬೆಲ್ಲು ಒಂದೇ ಸಲ. ಒಳಗೆ ಕೇಳಿಸಲಿ ಬಿಡಲಿ, ಇನ್ನೊಂದು ಸಲ ಹೊಡೆಯುವವರಲ್ಲ. ಯಾಕೆ ಅಂತ ಕೇಳಿದರೆ, "ಒಂದು ಸಲ ಹೊಡೆದ್ರೆ ಬಂದಿದೀನಿ ಅಂತ. ಎರಡು ಸಲ ಹೊಡೆದ್ರೆ ಬೇಗ ಬನ್ನಿ ಅಂತ. ನಂಗೇನವ್ವ ಅಂಥಾ ಅವಸರ?" ಎನ್ನುವರು.

ಸಾಧು ಸ್ವಭಾವದವರು ಅಂದುಕೊಳ್ಳಬೇಡಿ. ಮೂಗಿನ ತುದಿಯಲ್ಲೇ ಕೋಪ. ಪೂಜೆಯ ನಡುವೆ ಯಾರದ್ದಾದರೂ ಫೋನ್ ಹೊಡೆದುಕೊಂಡರೆ ಮಂತ್ರ ನಿಲ್ಲಿಸಿ, "ಮಾತಾಡು, ಮಾತಾಡು, ಶಿವ ಕಾಯ್ತಾನೆ" ಎಂದು ಆ ಮನುಷ್ಯನ ಮುಖ ಕೆಂಪಗಾಗುವ ತನಕ ನೋಡುತ್ತಾ ಕೂರುತ್ತಿದ್ದರು. ನಮ್ಮ ಯಜಮಾನರಿಗಂತೂ ಅವರನ್ನು ಕಂಡರೆ ಭಯ. ಕೊಬ್ಬರಿ ಮಂಡಿಯಲ್ಲಿ ಜೋರು ಗಂಟಲಿನ ವ್ಯಾಪಾರಿ, ಅಯ್ನೋರ ಮುಂದೆ ಮಾತ್ರ ಬೆಕ್ಕಿನ ಮರಿ.

ನಾನು ಬೇಲೂರಿನವಳು. ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ನಮ್ಮಪ್ಪ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರು. ಸ್ಕೂಲು ಬಿಟ್ಟ ಮೇಲೆ ಪಂಕ್ಚರ್ ಹಾಕುವುದು, ಕಡ್ಡಿ ಬಿಗಿಯುವುದು, ಬೇರಿಂಗಿನ ಬಾಲ್ಸ್ ತೊಳೆದು ಗ್ರೀಸ್ ತುಂಬುವುದು, ಎಲ್ಲ ನನ್ನ ಕೆಲಸ. ಮದುವೆಯಾಗಿ ಬರುವಾಗ ಒಡವೆ ಪೆಟ್ಟಿಗೆಯ ಜೊತೆಗೆ ಒಂದು ಸ್ಪ್ಯಾನರ್ ಚೀಲವನ್ನೂ ತಂದೆ. ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಮಿಕ್ಸಿ ಕೆಟ್ಟರೆ, ನಲ್ಲಿ ಸೋರಿದರೆ ಅದೇ ಚೀಲವೇ ಗತಿಯಾಯಿತು, ಬಾಯಿ ಮೇಲಿನ ಕೈ ತೆಗೆದರು. ಅಯ್ನೋರು ಮೊದಲ ಸಲ ನಾನು ಸೈಕಲ್ ಚೈನ್ ಹಾಕಿಕೊಟ್ಟಿದ್ದು ನೋಡಿ, "ನಿಮ್ಮಪ್ಪ ನಿಂಗೆ ಒಳ್ಳೇ ವಿದ್ಯೆ ಕೊಟ್ಟವ್ನೆ ಕಣವ್ವ" ಅಂದರು. ಆ ಮನೆಯಲ್ಲಿ ನನ್ನ ತವರನ್ನು ಮೊದಲು ಹೊಗಳಿದವರು ಅವರೇ.

ಅವರ ಋಣ ನನ್ನ ಮೇಲೆ ಇರುವುದು ಅದಕ್ಕಲ್ಲ. ಹೇಳುತ್ತೇನೆ.

ನನ್ನ ಚೊಚ್ಚಲ ಕೂಸು ಗಂಡು. ಹುಟ್ಟಿ ವಾರ ತುಂಬುವ ಮೊದಲೇ ಒಂದು ಮಧ್ಯಾಹ್ನ ಹಾಲು ಕುಡಿಯುವುದನ್ನು ಬಿಟ್ಟಿತು, ಸಂಜೆಗೆ ಇರಲಿಲ್ಲ. ಲಿಂಗ ಕಟ್ಟುವ ಶಾಸ್ತ್ರ ಇನ್ನೂ ಆಗಿರಲಿಲ್ಲ. ನಮ್ಮತ್ತೆಯ ಅಣ್ಣ, ಹಿರಿಯರು, ನಡುಮನೆಯಲ್ಲಿ ಕೂತು, "ಲಿಂಗ ಇಲ್ಲದ ಕೂಸು. ಇದಕ್ಕೆ ನಮ್ಮ ಸಂಸ್ಕಾರ ಎಲ್ಲೈತೆ? ಸುಮ್ನೆ ಎಲ್ಲಾದ್ರೂ ಮಣ್ಣು ಮಾಡಿ ಬಂದ್ರಾಯ್ತು" ಅಂದರು. ಒಳಗೆ ಕೋಣೆಯಲ್ಲಿ ಮಲಗಿದ್ದ ನನಗೆ ಪ್ರತಿ ಮಾತೂ ಕೇಳುತ್ತಿತ್ತು. ಎದ್ದು ಬಂದು ಜಗಳವಾಡಲು ಮೈಯಲ್ಲಿ ಕಸುವಿರಲಿಲ್ಲ. ಯಜಮಾನರು ತಲೆ ಬಗ್ಗಿಸಿಕೊಂಡು ಕೂತಿದ್ದರಂತೆ. ಆಗ ಹೊರಗೆ ಬೆಲ್ಲು ಒಂದು ಸಲ ಆಯಿತು.

ಬಾಣಾವರದಲ್ಲಿ ಯಾರದ್ದೋ ಮನೆಯಲ್ಲಿದ್ದ ಅಯ್ನೋರು ಸುದ್ದಿ ಮುಟ್ಟಿದ ಕೂಡಲೇ ಊಟದ ಎಲೆ ಬಿಟ್ಟು ಎದ್ದು ಬಂದಿದ್ದರು. ಮೈಯೆಲ್ಲಾ ಬೆವರು. ಹಿರಿಯರ ಮಾತು ಪೂರ್ತಿ ಕೇಳಿಸಿಕೊಂಡು, "ಯಾರು ಹೇಳಿದ್ದು ಲಿಂಗ ಇಲ್ಲ ಅಂತ?" ಎಂದು ಗದರಿದರು. "ಎಂಟನೇ ತಿಂಗಳಲ್ಲಿ ಈ ತಾಯಿ ಹೊಟ್ಟೇಲಿದ್ದಾಗಲೇ ನಾನು ಗರ್ಭಕ್ಕೆ ಲಿಂಗಧಾರಣೆ ಮಾಡಿವ್ನಿ. ನೀವೂ ಅವತ್ತು ಇಲ್ಲೇ ಕುಂತು ಪಾಯಸ ಉಂಡ್ರಲ್ಲ, ಮರೆತ್ರಾ? ಇದು ಲಿಂಗವಂತ ಕೂಸು. ನನ್ನ ಕೂಸು. ನಾನು ತಗೊಂಡೋಗ್ತೀನಿ." ಸೈಕಲ್ಲನ್ನು ನಮ್ಮ ಜಗುಲಿಗೆ ಒರಗಿಸಿ, ಕೂಸನ್ನು ತಮ್ಮ ಕಾವಿ ಶಲ್ಯದಲ್ಲಿ ಸುತ್ತಿ ಎದೆಗೆ ಅವುಚಿಕೊಂಡು, ರುದ್ರಭೂಮಿಯ ತನಕ ನಡೆದುಕೊಂಡೇ ಹೋದರು. ದೊಡ್ಡವರಿಗೆ ಮಾಡುವ ಹಾಗೆ ಕೂರಿಸಿ, ವಿಭೂತಿ ಹಚ್ಚಿ, ಪತ್ರೆ ಇಟ್ಟು ಎಲ್ಲವನ್ನೂ ಮಾಡಿದರು. ವಾಪಸು ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಬಿಸಿಲು ಬೀಳದ ಕಡೆ ಕೂರಿಸಿ ಬಂದಿದೀನಿ ಕಣವ್ವ" ಅಂದರು. ಅಷ್ಟೇ ಹೇಳಿದ್ದು. ಅವತ್ತಿನಿಂದ ಅವರು ಏನು ಹೇಳಿದರೂ ನಾನು ಇಲ್ಲ ಅಂದವಳಲ್ಲ.

ಹಾಗಾಗಿ, ಎರಡು ವರ್ಷದ ಹಿಂದೆ ಕಾರ್ತಿಕ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರು ಸೈಕಲ್ಲನ್ನು ಸೀದಾ ನಮ್ಮ ಹಿತ್ತಲಿಗೆ ತಂದು ನಿಲ್ಲಿಸಿ, "ಅವ್ವ, ಹ್ಯಾಂಡಲ್ ಎಡಕ್ಕೆ ಎಳೀತೈತೆ, ನೋಡು" ಅಂದಾಗ, ಒಲೆಯ ಮೇಲಿನ ಹಾಲನ್ನೂ ಬಿಟ್ಟು ಬಂದೆ. ಅವರ ಮೊಣಕೈ ತರಚಿತ್ತು. ಪಂಚೆಯ ಅಂಚಿಗೆ ಕೆಸರು.

"ಬಿದ್ರಾ ಅಯ್ನೋರೇ?"

"ನಾನೆಲ್ಲಿ ಬಿದ್ದೆ? ಅದು ಬೀಳಿಸ್ತು."

"ಅಂಗಡಿಗೆ ಕೊಡಬಾರದಾ? ಸ್ಟೇಷನ್ ರಸ್ತೇಲಿ ಇದಾನಲ್ಲ..."

"ಅಂಗಡಿಗೆ ಕೊಟ್ರೆ ಸಂಜೆ ಒಳಗೆ ಊರಿಗೇ ಗೊತ್ತಾಗ್ತೈತೆ, ಅಯ್ನೋರು ಬಿದ್ರು ಅಂತ. ಬೀಳೋ ಅಯ್ನೋರನ್ನ ಯಾರವ್ವ ಕರೀತಾರೆ? ನೀನೇ ಮನೇಲೇ ಮಾಡಿಕೊಡು."

ನಾನು ಮುಂದಿನ ಚಕ್ರವನ್ನು ಮೊಣಕಾಲ ನಡುವೆ ಹಿಡಿದು ಮೇಲಿಂದ ನೋಡಿದೆ. ಹ್ಯಾಂಡಲ್ಲು ಚಕ್ರಕ್ಕೆ ಸರಿಯಾಗಿ ಅಡ್ಡಡ್ಡ ನಿಂತಿತ್ತು, ಓರೆಯಾಗಿರಲಿಲ್ಲ. ಸೈಕಲ್ಲನ್ನು ಬೋರಲು ಹಾಕಿ ಚಕ್ರ ತಿರುಗಿಸಿದೆ, ಓಲಾಡಲಿಲ್ಲ. ಚಕ್ರವನ್ನು ಎರಡು ಕಡೆ ಹಿಡಿದಿರುವ ಫೋರ್ಕ್ ಬಗ್ಗಿರಲಿಲ್ಲ. ಬಾಲ್ಸ್ ಬಿಚ್ಚಿ ನೋಡಿದೆ, ಚೆನ್ನಾಗೇ ಇದ್ದವು. ಕೊನೆಗೆ ಮಗಳ ಹಳೇ ಚೂಡಿದಾರ್ ಹಾಕಿಕೊಂಡು, ಐವತ್ತು ದಾಟಿದ ನಾನು ಆ ಎತ್ತರದ ಸೈಕಲ್ ಹತ್ತಿ ಬೀದಿಯ ತುದಿ ತನಕ ಹೋಗಿ ಬಂದೆ. ಎದುರುಮನೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ನಿಂತುಕೊಳ್ಳಲಿ, ನನಗೇನು. ಸೈಕಲ್ಲು ದಾರ ಹಿಡಿದ ಹಾಗೆ ನೆಟ್ಟಗೆ ಹೋಯಿತು. ಕೈಬಿಟ್ಟರೂ ಅತ್ತಿತ್ತ ಹೋಗಲಿಲ್ಲ.

"ಸರಿಯಾಗೇ ಐತಲ್ಲ ಅಯ್ನೋರೇ."

"ನಿಂಗೆ ಗೊತ್ತಾಗಕಿಲ್ಲ. ಇಷ್ಟು ವರ್ಷ ಹಿಡಿದೋನು ನಾನು. ಎಳೀತೈತೆ."

ಅವರು ಎಳೆಯುತ್ತೆ ಅಂದ ಮೇಲೆ ಎಳೆಯುತ್ತೆ. ಬಿದ್ದಾಗ ಕಣ್ಣಿಗೆ ಕಾಣದಷ್ಟು ತಿರುಚಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆ ನಮೂನೆಯ ಹ್ಯಾಂಡಲ್ ಈಗ ನಮ್ಮ ಪೇಟೆಯಲ್ಲಿ ಯಾರೂ ಇಡುವುದಿಲ್ಲ. ಬೇಲೂರಿನಲ್ಲಿ ಅಪ್ಪನ ಅಂಗಡಿ ಮುಚ್ಚಿದಾಗ ನಮ್ಮಣ್ಣ ಗೋಣಿಚೀಲಕ್ಕೆ ತುಂಬಿಟ್ಟ ಸಾಮಾನಿನಲ್ಲಿ ಒಂದು ಇರುವುದು ನೆನಪಿತ್ತು. ಹೋಗಿ ತಂದೆ. ಹಳೇಬೀಡಿನ ಮೇಲೆ ಬರುವ ಬಸ್ಸಿನಲ್ಲಿ ಹ್ಯಾಂಡಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರೆ ಕಂಡಕ್ಟರು, "ಏನಮ್ಮೋ, ಇಲ್ಲಿಂದ ಮುಂದಕ್ಕೆ ಬಸ್ ನೀವೇ ಓಡಿಸ್ತೀರಾ?" ಎಂದು ಬಸ್ಸನ್ನೇ ನಗಿಸಿದ. ನಾನೂ ನಕ್ಕೆ. ಅವತ್ತು ನನಗೆ ಅದು ನಗುವ ವಿಷಯವೇ ಆಗಿತ್ತು.

ಹಳೇ ಹ್ಯಾಂಡಲ್ ಬಿಚ್ಚುವುದು ಸುಲಭವಾಗಲಿಲ್ಲ. ಅದರ ಕೊಳವೆ ಫೋರ್ಕಿನ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡುಬಿಟ್ಟಿತ್ತು. ಮೇಲಿನ ಬೋಲ್ಟನ್ನು ಸ್ವಲ್ಪ ಸಡಿಲ ಮಾಡಿ, ಸೀಮೆಎಣ್ಣೆ ಇಳಿಬಿಟ್ಟು, ಮರದ ತುಂಡು ಇಟ್ಟು ಸುತ್ತಿಗೆಯಲ್ಲಿ ತಟ್ಟಿದೆ. ಅಲುಗಲಿಲ್ಲ. ಯಜಮಾನರನ್ನು ಕರೆದು ಚಕ್ರವನ್ನು ಕಾಲ ನಡುವೆ ಗಟ್ಟಿಯಾಗಿ ಹಿಡಿದುಕೊಳ್ಳಿ ಅಂದೆ. ಅವರೋ, ಬಟ್ಟೆಗೆ ಎಣ್ಣೆ ಆಗುತ್ತೆ ಅಂತ ಎರಡು ಬೆರಳಲ್ಲಿ ಹಿಡಿದರು.

"ರೀ, ಅದೇನು ಹಸುಗೂಸಾ? ಗಟ್ಟಿಯಾಗಿ ಹಿಡೀರಿ!"

"ಹಿಡಿದಿದೀನಲ್ಲೇ!"

ಅಯ್ನೋರು ಕಲ್ಲಿನ ಮೇಲೆ ಕೂತು ಕಾಫಿಯನ್ನು ಬಸಿಗೆ ಬಗ್ಗಿಸಿಕೊಂಡು ಊದಿ ಊದಿ ಕುಡಿಯುತ್ತಾ, "ನಿನ್ನ ಗಂಡ ಕೊಬ್ಬರಿಗೇ ಸರಿ ಕಣವ್ವ" ಅಂದರು. ಅಷ್ಟರಲ್ಲಿ ಟಕ್ ಎಂದು ಬಿಟ್ಟುಕೊಂಡಿತು. ಬ್ರೇಕಿನ ಕಡ್ಡಿಗಳನ್ನು ಒಂದೊಂದಾಗಿ ಬಿಚ್ಚಿ, ಹೊಸದಕ್ಕೆ ಸೇರಿಸಿ, ಬೆಲ್ಲು ಹಾಕಿ, ಸೋಪಿನ ನೀರು ಸವರಿ ಗ್ರಿಪ್ಪುಗಳನ್ನು ನೂಕಿ ಕೂರಿಸಿದೆ. ಮಧ್ಯಾಹ್ನವಾಯಿತು. ಅವರು ಎದ್ದು, ಕೈ ಮುಗಿದು ಹತ್ತಿದರು. ನಾಲ್ಕು ಮಾರು ಹೋದರು. ಸೈಕಲ್ಲು ಮೆಲ್ಲಗೆ, ಯಾರೋ ಮೂಗುದಾರ ಹಿಡಿದು ಎಳೆದ ಹಾಗೆ, ಎಡಕ್ಕೆ ತಿರುಗುತ್ತಾ ತಿರುಗುತ್ತಾ ಪಕ್ಕದ ಮನೆಯವರ ಚರಂಡಿ ಕಟ್ಟೆಗೆ ಹೋಗಿ ನಿಂತಿತು. ಕಾಲು ಕೊಟ್ಟು ಹೇಗೋ ಸಾವರಿಸಿಕೊಂಡರು. ಅಲ್ಲಿಂದಲೇ ತಿರುಗಿ ನನ್ನನ್ನು ನೋಡಿ, "ಇದೂ ಎಳೀತೈತಲ್ಲವ್ವ" ಅಂದರು.

ನಮ್ಮಪ್ಪನ ಮಾಲು ಎಲ್ಲೋ ಇಟ್ಟಲ್ಲೇ ಬಗ್ಗಿರಬೇಕು ಎಂದು ಅವರೇ ತೀರ್ಪು ಕೊಟ್ಟರು. ಯಜಮಾನರು ಹಾಸನಕ್ಕೆ ಹೋದಾಗ ಇನ್ನೊಂದನ್ನು ಹುಡುಕಿ ತಂದರು. ಮತ್ತೆ ಬಿಚ್ಚಿದ್ದಾಯಿತು, ಹಾಕಿದ್ದಾಯಿತು. ಅದೂ ಎಳೆಯಿತು. "ಈಗೆಲ್ಲ ಕಂಪನಿ ಮಾಲೇ ಹಿಂಗೆ. ಇದನ್ನ ತೆಗೆದು ಹಳೇದನ್ನೇ ಹಾಕಿ ನೋಡವ್ವ" ಅಂದಾಗ ನನಗೆ ರೇಗಿಹೋಯಿತು. "ಅಯ್ನೋರೇ, ಹ್ಯಾಂಡಲ್ ಏನು ಲಂಗದ ಲಾಡಿನಾ, ದಿನಾ ಬಿಚ್ಚಿ ಕಟ್ಟೋಕೆ?" ಅಂದುಬಿಟ್ಟೆ. ಅವರು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ನಿಂಗೂ ಬೇಜಾರಾಯ್ತಾ?" ಎಂದು ಕೇಳಿದರು, ಮೆತ್ತಗೆ. ಸ್ಪ್ಯಾನರ್ ಎತ್ತಿಕೊಂಡೆ. ಹಳೇದನ್ನೇ ಹಾಕಿದೆ.

ಆ ಸೋಮವಾರ ನಮ್ಮ ಮನೆಯಲ್ಲಿ ಪೂಜೆ. ಎಂದಿನಂತೆ ಅವರು ಮಣೆಯ ಮೇಲೆ ಕೂತು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ನಾನು ಪತ್ರೆಯ ತಟ್ಟೆ ಹಿಡಿದು ಎದುರಿಗೆ ಕೂತಿದ್ದೆ. ಅಂಗೈ ಕುಣಿಯುತ್ತಿತ್ತು. ಗಾಳಿಗೆ ದೀಪ ಅಲುಗುವಂತೆ ಹೌದೋ ಅಲ್ಲವೋ ಅನ್ನುವಷ್ಟಲ್ಲ; ಕಣ್ಣಿಗೆ ರಾಚುವಷ್ಟು. ಬೆರಳುಗಳು ತಮ್ಮಷ್ಟಕ್ಕೆ ತಾವು ಒಳಕ್ಕೆ ಸೆಳೆದುಕೊಳ್ಳುತ್ತಿದ್ದವು, ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತಿತ್ತು. ಬಲಗೈಯಿಂದ ನೀರು ಬಿಡಬೇಕಾದವರು ಬಲಗೈಯಿಂದ ಎಡಗೈಯನ್ನು ಅದುಮಿ ಹಿಡಿದುಕೊಂಡು ಕೂತಿದ್ದರು. ಹ್ಯಾಂಡಲ್ಲು ಎಳೆಯುತ್ತಿರಲಿಲ್ಲ. ಎಳೆಯುತ್ತಿದ್ದದ್ದು ಆ ಕೈ. ನನಗೆ ಅದು ಗೊತ್ತಾದ ಕ್ಷಣವೇ ಅವರು ಕಣ್ಣೆತ್ತಿ ನನ್ನನ್ನು ನೋಡಿದರು. ನಾನು ಪತ್ರೆಯ ತಟ್ಟೆ ನೋಡಿದೆ.

ಅವರು ಹೋದ ಮೇಲೆ ಯಜಮಾನರಿಗೆ ಹೇಳಿದೆ. "ನಾನು ಮೊದಲನೇ ದಿನ ಕಾಫಿ ಬಸಿ ಹಿಡಿದಾಗಲೇ ನೋಡಿದೆ" ಅಂದರು.

"ಮತ್ತೆ ಯಾಕ್ರೀ ಹೇಳಲಿಲ್ಲ? ಮೂರು ಸಲ ಬಿಚ್ಚಿ ಹಾಕಿದೆನಲ್ಲ!"

"ಹೇಳಿ? ಹೇಳಿ ಏನು ಮಾಡ್ತಿದ್ದೆ?"

ಯಾವ ನಟ್ಟು ಬಿಗಿಯಬೇಕು ಅಂತ ತಿಳಿದರೆ ನಾನು ಬಿಗಿಯುತ್ತೇನೆ. ಇದಕ್ಕೆ ನಟ್ಟು ಎಲ್ಲಿದೆ?

ಅಯ್ನೋರು ಇದ್ದದ್ದು ತಮ್ಮನ ಮಗನ ಮನೆಯಲ್ಲಿ. ಆ ಹುಡುಗ ಒಳ್ಳೆಯವನು, ಅವನ ಹೆಂಡತಿ, ಅಯ್ನೋರಿಗೆ ಸೊಸೆ, ಅವನಿಗಿಂತ ಒಳ್ಳೆಯವಳು. ನಾನು ಹೇಳಿದ ಮೇಲೆ ಹಾಸನಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ನಡುಕದ ಕಾಯಿಲೆ, ಗುಣ ಆಗುವುದಿಲ್ಲ, ಮಾತ್ರೆಯಲ್ಲಿ ಒಂದಷ್ಟು ಹತೋಟಿಗೆ ಬರಬಹುದು, ಸೈಕಲ್ ಮಾತ್ರ ಹತ್ತಿಸಬೇಡಿ ಎಂದರಂತೆ ಡಾಕ್ಟರು. ಅಯ್ನೋರು ಊರಿಗೆ ಬಂದು ನನ್ನ ಮುಂದೆ, "ಡಾಕ್ಟ್ರು ಚಿಕ್ಕ ಹುಡುಗ ಕಣವ್ವ. ಸೈಕಲ್ ವಿಷಯ ಅವನಿಗೇನು ಗೊತ್ತು?" ಅಂದರು. ಆಟೋದಲ್ಲಿ ಓಡಾಡಿ ಎಂದು ಎಲ್ಲರೂ ಹೇಳಿದೆವು. "ಆಟೋದೋನು ಹೊರಗೆ ನಿಂತ್ಕಂಡು ಹಾರನ್ ಹೊಡೀತಾನೆ. ಸಾವಾದ ಮನೇಲಿ ನಾನು ಹೆಂಗೆ ಕೂತ್ಕಳ್ಳಿ? ಅವರು ಅಳೋದು ಮುಗಿಯೋಗಂಟ ಕೂತ್ಕಬೇಕು ಕಣವ್ವ. ಅದೇ ನನ್ನ ಕೆಲಸ. ಮಂತ್ರ ಯಾರಾದ್ರೂ ಹೇಳ್ತಾರೆ." ಇದು ನನ್ನ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತಿದ್ದ ಮನುಷ್ಯ ಹೇಳುತ್ತಿರುವ ಮಾತು.

ಮಾತ್ರೆ ನುಂಗಿದರು, ಸೈಕಲ್ ಬಿಡಲಿಲ್ಲ. ಮಳೆಗಾಲಕ್ಕೆ ಮೊದಲು ರೈಲ್ವೆ ಸೇತುವೆಯ ಇಳಿಜಾರಿನಲ್ಲಿ ಬಿದ್ದರು. ಈ ಸಲ ಊರೆಲ್ಲ ನೋಡಿತು. ಯಾರೂ ಅವರನ್ನು ಬೇಡ ಅನ್ನಲಿಲ್ಲ, ನಮ್ಮ ಜನ ಹಾಗೆ ಅನ್ನುವವರಲ್ಲ. "ಪಾಪ, ಅಯ್ನೋರಿಗೆ ಯಾಕೆ ತೊಂದರೆ" ಎಂದು ಬೈಕಿನಲ್ಲಿ ಬರುವ ಇನ್ನೊಬ್ಬ ಎಳೆಯ ಅಯ್ನೋರನ್ನು ಕರೆಸತೊಡಗಿದರು. ಆ ಹುಡುಗನೂ ಪಾಪದವನೇ, ಬಂದು ಚೆನ್ನಾಗಿಯೇ ಮಾಡಿ ಹೋಗುತ್ತಿದ್ದ. ತೊಂದರೆ ಕೊಡಬಾರದು ಅಂತಲೇ ಒಂದೊಂದು ಮನೆಯೂ ಅವರ ಕೈ ಬಿಟ್ಟಿತು. ಒಳ್ಳೆಯತನದಿಂದ ಮಾಡಿದ್ದಕ್ಕೆ ಯಾರ ಜೊತೆ ಜಗಳ ಕಾಯುವುದು?

ಆಮೇಲೆ ಅವರು ಸೈಕಲ್ಲನ್ನು ತಳ್ಳಿಕೊಂಡು ಬರತೊಡಗಿದರು. ಹತ್ತುತ್ತಿರಲಿಲ್ಲ. ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದು, ಅದರ ಮೇಲೆ ಭಾರ ಬಿಟ್ಟು, ಪುಟ್ಟ ಪುಟ್ಟ ಹೆಜ್ಜೆ ಇಟ್ಟು, ಬೀದಿಯ ಎಡಬದಿಗೆ ಸರಿಯುತ್ತಾ, ಮತ್ತೆ ನಡುವಿಗೆ ಎಳೆದುಕೊಳ್ಳುತ್ತಾ ಬರುವರು. ಮನೆಯ ಮುಂದೆ ನಿಂತು ಬೆಲ್ಲು ಹೊಡೆದ ಮೇಲೆ ಪಂಚೆ ಎತ್ತಿ ಕಟ್ಟಿಕೊಳ್ಳುವರು, ಆಗತಾನೇ ಸೈಕಲ್ಲಿನಿಂದ ಇಳಿದವರ ಹಾಗೆ. ನಾನು ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದೆ. ಬಾಗಿಲು ತೆಗೆದು, "ಬಿಸಿಲಲ್ಲಿ ತುಳ್ಕೊಂಡು ಬಂದ್ರಾ ಅಯ್ನೋರೇ?" ಎಂದು ಕೇಳುತ್ತಿದ್ದೆ. "ಹ್ಞೂಂ ಕಣವ್ವ" ಅನ್ನುತ್ತಿದ್ದರು.

ಮಗಳು ಬಾಣಂತನಕ್ಕೆ ಬಂದಳು, ಹೆಣ್ಣು ಕೂಸು. ಲಿಂಗ ಕಟ್ಟಲು ಬೈಕಿನ ಹುಡುಗನನ್ನು ಕರೆಸೋಣ ಎಂದು ಬೀಗರು ಸೂಚಿಸಿದರು. ನಮ್ಮ ಬೆಕ್ಕಿನ ಮರಿ, ನನ್ನ ಯಜಮಾನರು, "ನಮ್ಮನೆಗೆ ನಮ್ಮ ಅಯ್ನೋರೇ ಬರಬೇಕು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಮೂವತ್ತು ವರ್ಷದ ಸಂಸಾರದಲ್ಲಿ ನನಗೆ ಗಂಡನ ಮೇಲೆ ಅಷ್ಟು ಪ್ರೀತಿ ಬಂದದ್ದು ಕಡಿಮೆ.

ಕೂಸನ್ನು ಮಗಳ ತೊಡೆಯ ಮೇಲೆ ಮಲಗಿಸಿದ್ದೆವು. ನೆಂಟರೆಲ್ಲ ಸುತ್ತ ಕೂತಿದ್ದರು. ಅಯ್ನೋರು ಕೂಸಿನ ಪುಟ್ಟ ಲಿಂಗವನ್ನು ತೊಳೆದು, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಟ್ಟುಕೊಂಡು ಮಂತ್ರ ಶುರು ಮಾಡಿದರು. ಕೈ ಕುಣಿಯತೊಡಗಿತು. ಬಲಗೈಯಲ್ಲಿ ಅಭಿಷೇಕ ಮಾಡಬೇಕು, ಹಾಗಾಗಿ ಅದರಿಂದ ಅದುಮಿ ಹಿಡಿಯುವಂತಿಲ್ಲ. ನೀರೆಲ್ಲ ಮಗಳ ಸೀರೆಗೆ, ಕೂಸಿನ ಮೇಲೆ ಚೆಲ್ಲಿತು. ಕೂಸು ಅತ್ತಿತು. ಲಿಂಗ ಅಂಗೈಯ ಅಂಚಿಗೆ ಜಾರಿತು. ಅದು ನೆಲಕ್ಕೆ ಬಿದ್ದರೆ ನಮ್ಮಲ್ಲಿ ಎಂಥ ಅನಾಹುತ ಅಂತ ಅಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ಗೊತ್ತು. ಬೀಗಿತ್ತಿ "ಅಯ್ಯೋ ಶಿವನೇ" ಎಂದರು. ಯಾರೂ ಅಲುಗಲಿಲ್ಲ. ಪೂಜೆಗೆ ಕೂತ ಅಯ್ನೋರ ಕೈಯನ್ನು ಮುಟ್ಟುವುದು ಹೇಗೆ?

ನಾನು ಮುಟ್ಟಿದೆ. ಅವರ ಅಂಗೈಯ ಕೆಳಗೆ ನನ್ನ ಅಂಗೈ ಕೊಟ್ಟು, ಫೋರ್ಕ್ ಹಿಡಿಯುವ ಹಾಗೆ ಬಿಗಿಯಾಗಿ ಹಿಡಿದೆ. ಆ ಕೈಯೊಳಗೆ ಎಷ್ಟು ಬಲ ಇತ್ತು ಗೊತ್ತೇ? ಅವರದ್ದಲ್ಲದ ಬಲ. ನನ್ನ ಕೈಯನ್ನೂ ಸೇರಿಸಿಕೊಂಡು ಅದು ಎಡಕ್ಕೆ ಎಳೆಯುತ್ತಿತ್ತು. ಇಷ್ಟು ದಿನ ಅವರು ಸೈಕಲ್ಲಿನ ಮೇಲೆ ಒಬ್ಬರೇ ಹೋರಾಡುತ್ತಿದ್ದದ್ದು ಇದರ ಜೊತೆಗೆ. ಅವರು ಮಂತ್ರ ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಕೂಸಿನ ಕೊರಳಿಗೆ ಲಿಂಗ ಕಟ್ಟಿದ ಮೇಲೆ ಮಾತ್ರ, "ಬಿಡವ್ವ, ಸಾಕು" ಅಂದರು.

ಮಾರನೇ ದಿನವೇ ಸೈಕಲ್ ತಳ್ಳಿಕೊಂಡು ಹಿತ್ತಲಿಗೆ ಬಂದರು. ನಾನು ಇನ್ನೂ ಕಸ ಗುಡಿಸುತ್ತಿದ್ದೆ.

"ಹ್ಯಾಂಡಲ್ ಬಿಚ್ಚವ್ವ."

"ಬೇರೆ ಹಾಕಲಾ ಅಯ್ನೋರೇ?"

"ಬೇರೆ ಬ್ಯಾಡ. ಬಿಚ್ಚಿ ನೀನೇ ಇಟ್ಕೊ. ಇದ್ರೆ ನಾನು ಹತ್ತೇ ಹತ್ತುತೀನಿ. ಹತ್ತಿದ್ರೆ ಯಾರ ಮೇಲಾದ್ರೂ ಬೀಳ್ತೀನಿ."

ಮೊದಲ ಸಲ ಕಚ್ಚಿಕೊಂಡಿದ್ದ ಹ್ಯಾಂಡಲ್ಲು ಈಗ ಬಿಚ್ಚಿ ಬಿಚ್ಚಿ ಅಭ್ಯಾಸವಾಗಿತ್ತು. ಬೋಲ್ಟ್ ಸಡಿಲಿಸಿ ಒಂದು ಏಟು ಹಾಕಿದ್ದೇ ಕೈಗೆ ಬಂದುಬಿಟ್ಟಿತು. ಅಷ್ಟು ಸುಲಭವಾಗಿ ಬರಬಾರದಿತ್ತು ಅನ್ನಿಸಿತು. ಕಣ್ಣೀರು ಕಾಣದಿರಲಿ ಎಂದು ಬಗ್ಗಿಕೊಂಡೇ ಬ್ರೇಕಿನ ಕಡ್ಡಿಗಳನ್ನು ಬಿಚ್ಚಿದೆ. ಅವರು ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಕಾಫಿ ಬೇಡ ಅಂದರು. ಹ್ಯಾಂಡಲ್ಲಿಲ್ಲದ ಸೈಕಲ್ಲನ್ನು ತಳ್ಳಲೂ ಆಗದು, ಒರಗಿಕೊಳ್ಳಲೂ ಆಗದು. ಯಜಮಾನರು ಅದನ್ನು ಮಂಡಿಯ ಗಾಡಿಯಲ್ಲಿ ಹಾಕಿಸಿ, ಅಯ್ನೋರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟು ಬಂದರು.

ಅವರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಸೋಮವಾರ ಸೋಮವಾರ ನಾನೇ ಹೋಗುತ್ತಿದ್ದೆ. ಮೊದಮೊದಲು ಜಗುಲಿಯಲ್ಲಿ ಕೂತಿರುತ್ತಿದ್ದರು, ಆಮೇಲೆ ಮಂಚ. ಮೆತ್ತಗೆ ಕಲಸಿದ ಉಪ್ಪಿಟ್ಟಿಗೆ ಮೊಸರು ಹಾಕಿ ತಿನ್ನಿಸುತ್ತಿದ್ದೆ. ಮಾತು ಸಣ್ಣದಾಯಿತು, ಮುಖದಲ್ಲಿ ನಗುವೂ ಕೋಪವೂ ಕಾಣದ ಹಾಗಾಯಿತು. ಕೋಪ ಹೋದದ್ದೇ ನನಗೆ ಹೆಚ್ಚು ಸಂಕಟ. ಒಂದು ದಿನ ಬೇಕೆಂದೇ ನನ್ನ ಫೋನನ್ನು ಅವರ ಪಕ್ಕದಲ್ಲಿ ಹೊಡೆದುಕೊಳ್ಳಲು ಬಿಟ್ಟೆ. ಸುಮ್ಮನೆ ಕಣ್ಣು ಮುಚ್ಚಿಕೊಂಡರು. ಹೊರಗೆ ಬಂದು ಅವರ ಸೊಸೆಯ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಅವಳು ನನಗೆ ಸಮಾಧಾನ ಹೇಳಿದಳು, ಹೇಳಬೇಕಾದವಳು ನಾನು.

ಈ ವರ್ಷ ಶಿವರಾತ್ರಿ ಕಳೆದು ಒಂದು ಶುಕ್ರವಾರ ಅವರು ಹೋದರು. ಬೈಕಿನ ಹುಡುಗನೇ ಬಂದು ಎಲ್ಲ ಮಾಡಿದ. ಹಳ್ಳಿಗಳಿಂದ, ಬಾಣಾವರದಿಂದ, ಕರೆಯುವುದನ್ನು ಬಿಟ್ಟಿದ್ದ ಎಲ್ಲ ಮನೆಗಳಿಂದ ಜನ ಬಂದಿದ್ದರು. ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ, ಎಲ್ಲರೂ ಸಂಜೆಯ ತನಕ ಕೂತಿದ್ದರು.

ನಾನು ಹೇಳಬೇಕೆಂದಿದ್ದದ್ದು ಅದಕ್ಕೂ ಹಿಂದಿನ ಸೋಮವಾರದ್ದು. ಹೋದಾಗ ಅವರ ಸೊಸೆ ಬಾಗಿಲಲ್ಲೇ ತಡೆದು, "ಅಕ್ಕ, ಬೆಳಗಿಂದ ಒಂದೇ ಹಟ. ಸೈಕಲ್ ಒಳಗೆ ತನ್ನಿ ಅಂತಾರೆ. ತಂದಿಟ್ಟಿದೀವಿ. ಈಗ ಹ್ಯಾಂಡಲ್ ಎಲ್ಲಿ ಅಂತಾರೆ. ಬುದ್ಧಿ ನೆಟ್ಟಗಿಲ್ಲ ಅಕ್ಕ, ಏನಾದ್ರೂ ಹೇಳಿ ಸುಮ್ನಾಗಿಸಿ" ಅಂದಳು. ಮಂಚದ ಪಕ್ಕದಲ್ಲಿ ಗೋಡೆಗೆ ಒರಗಿಸಿ ಸೈಕಲ್ ನಿಲ್ಲಿಸಿದ್ದರು. ಅಯ್ನೋರು ನನ್ನನ್ನು ಗುರುತು ಹಿಡಿದರು.

"ಹ್ಯಾಂಡಲ್ ಹಾಕವ್ವ."

ಏನು ಹೇಳಿ ಸುಮ್ಮನಾಗಿಸಲಿ? ಮನೆಗೆ ಓಡಿಹೋಗಿ, ಪೇಪರಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟಿದ್ದ ಹ್ಯಾಂಡಲ್ಲನ್ನೂ ಸ್ಪ್ಯಾನರ್ ಚೀಲವನ್ನೂ ತಂದೆ. ಅವರ ಕಣ್ಣೆದುರಿಗೇ ನೆಲದ ಮೇಲೆ ಕೂತು ಕೆಲಸ ಶುರು ಮಾಡಿದೆ. ಕೊಳವೆಗೆ ಗ್ರೀಸ್ ಸವರಿದೆ. ಬ್ರೇಕಿನ ಕಡ್ಡಿಗಳನ್ನು ಒಂದೂ ಬಿಡದೆ ಸೇರಿಸಿದೆ. ಬ್ರೇಕ್ ಹಿಡಿಯುತ್ತಾ ನೋಡಿದೆ. ಯಾರೂ ಹತ್ತದ ಸೈಕಲ್ಲಿಗೆ ಅಷ್ಟೆಲ್ಲ ಯಾಕೆ ಎಂದು ಅವರ ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅರ್ಧಂಬರ್ಧ ಮಾಡಿದರೆ ಅವರಿಗೆ ಗೊತ್ತಾಗುತ್ತದೆ. ಚಕ್ರವನ್ನು ಮೊಣಕಾಲ ನಡುವೆ ಹಿಡಿದು ನೆಟ್ಟಗೆ ಮಾಡಿ, ಬೋಲ್ಟನ್ನು ನನ್ನ ತೋಳು ನೋಯುವ ತನಕ ಬಿಗಿದೆ.

"ಎಳೀತೈತಾ?" ಅಂದರು. ಕಿವಿಯನ್ನು ಬಾಯಿಯ ಹತ್ತಿರ ಇಟ್ಟರೆ ಮಾತ್ರ ಕೇಳುವಷ್ಟು ದನಿ.

"ಇಲ್ಲ ಅಯ್ನೋರೇ. ನೆಟ್ಟಗೈತೆ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ."

ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಹಂಗಾದ್ರೆ ನಾಳಿಕ್ಕೆ ಬಾಣಾವರಕ್ಕೆ ಹೋಗ್ಬತ್ತೀನಿ ಕಣವ್ವ. ಅಲ್ಲೊಂದು ಕೂಸು ಐತೆ."

ನನ್ನ ಕೈ ತುಂಬ ಗ್ರೀಸು. ಅದರಲ್ಲೇ ಅವರ ಪಾದ ಮುಟ್ಟಿದೆ.

"ಹೋಗ್ಬನ್ನಿ ಅಯ್ನೋರೇ" ಅಂದೆ.